ಮಳೆಗಾಲ ಕಳೆದ ಹಳೆ ಕಾರಿನೊಳಗೆ ಬೂಷ್ಟು: ತೆಗೆಯುವ, ಒಣಗಿಸುವ, ಮತ್ತೆ ಬಾರದಂತೆ ಕಾಯುವ ಕ್ರಮ

ಮೃಗಶಿರ ಮಳೆ ಹಿಡಿಯುವ ಮೊದಲು ಶೆಡ್ಡಿಗೆ ಸೇರಿಸಿದ ಅಂಬಾಸಡರ್ ಅಥವಾ ಪದ್ಮಿನಿಯ ಬಾಗಿಲನ್ನು ದೀಪಾವಳಿ ಹೊತ್ತಿಗೆ ತೆರೆದರೆ ಮೊದಲು ಮೂಗಿಗೆ ಬಡಿಯುವುದು ಮುಗ್ಗಲು ವಾಸನೆ. ಆಮೇಲೆ ಕಣ್ಣಿಗೆ ಬೀಳುತ್ತದೆ: ಸ್ಟಿಯರಿಂಗ್ ಮೇಲೆ ಬೂದಿ ಬಣ್ಣದ ನವಿರು, ಸೀಟಿನ ಹೊಲಿಗೆಯುದ್ದಕ್ಕೂ ಹಸಿರು ಚುಕ್ಕೆ, ಚಾವಣಿ ಬಟ್ಟೆಯಲ್ಲಿ ಕಪ್ಪು ಬಿಲ್ಲೆಗಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದು ಮಾಮೂಲು. ಬಹಳ ಜನ ಅಲ್ಲೇ ಒಂದು ಒದ್ದೆ ಬಟ್ಟೆ ಹಿಡಿದು ಒರೆಸಿ, ಸೆಂಟ್ ಡಬ್ಬಿ ನೇತುಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಎರಡೇ ವಾರ, ಮತ್ತೆ ಅದೇ ಬೂಷ್ಟು.

ಬೂಷ್ಟಿನ ಬೀಜಕಣ ಎಲ್ಲ ಕಡೆ ಗಾಳಿಯಲ್ಲೇ ಇರುತ್ತದೆ, ಅದನ್ನು ಪೂರ್ತಿ ಇಲ್ಲವಾಗಿಸುವುದು ಯಾರಿಂದಲೂ ಆಗದು. ಅದಕ್ಕೆ ಬೇಕಾದ್ದು ಪಸೆ ಮತ್ತು ತಿನ್ನಲು ಒಂದಿಷ್ಟು ಕೊಳೆ. ಗಾಳಿಯ ತೇವಾಂಶ ಸುಮಾರು ಶೇ. 70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಏಳುತ್ತದೆ, ಶೇ. 60ಕ್ಕಿಂತ ಕೆಳಗಿದ್ದರೆ ಏಳುವುದಿಲ್ಲ. ನಮ್ಮ ಆರಿದ್ರಾ, ಪುಷ್ಯ ಮಳೆಯ ದಿನಗಳಲ್ಲಿ ತೇವಾಂಶ ಶೇ. 90ರ ಮೇಲೇ ಕೂತಿರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಒರೆಸುವುದಕ್ಕೆ ಒಂದು ದಿನ ಸಾಕು, ಒಣಗಿಸುವುದಕ್ಕೆ ನಾಲ್ಕು ದಿನ ಬೇಕು. ಆ ನಾಲ್ಕು ದಿನ ಇಲ್ಲದಿದ್ದರೆ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ.

ಯಾವಾಗ ಶುರು ಮಾಡಬೇಕು

ಹಸ್ತ, ಚಿತ್ತೆ ಮಳೆ ದಾಟಲಿ. ಬಿಸಿಲು ಸತತ ಮೂರು ದಿನ ಕಂಡಮೇಲೆ ಶುರು ಮಾಡಿ. ಅಡಿಕೆ ಕೊಯ್ಲು ಜೋರಾದರೆ ಅಂಗಳವೂ ಸಿಗುವುದಿಲ್ಲ, ಕೈಯಾಳೂ ಸಿಗುವುದಿಲ್ಲ, ಅದಕ್ಕೆ ಕೊಯ್ಲಿನ ಮುಂಚಿನ ವಾರ ನೋಡಿಕೊಳ್ಳುವುದು ಒಳ್ಳೆಯದು. ಮಳೆಗಾಲದ ನಡುವೆಯೇ ಬೂಷ್ಟು ಕಂಡರೆ ಪೂರ್ತಿ ಕೆಲಸಕ್ಕೆ ಇಳಿಯಬೇಡಿ. ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ರೆಕ್ಸಿನ್ ಭಾಗ ಮಾತ್ರ ಒರೆಸಿ ತಡೆದಿಟ್ಟುಕೊಳ್ಳಿ. ಜಡಿಮಳೆಯಲ್ಲಿ ಸೀಟು ತೊಳೆದರೆ ಅದು ಒಣಗುವಷ್ಟರಲ್ಲಿ ಇನ್ನೊಂದು ಬೆಳೆ ಬೂಷ್ಟು ಬಂದಿರುತ್ತದೆ.

ಬಾಗಿಲು ತೆರೆಯುವ ಮೊದಲು

ನಾಲ್ಕು ತಿಂಗಳು ನಿಂತ ಕಾರು ಅಂದರೆ ಇಲಿಗೆ ಮನೆ, ಇಲಿ ಇದ್ದಲ್ಲಿಗೆ ಹಾವೂ ಬರುತ್ತದೆ. ಬಾನೆಟ್ ಮತ್ತು ಬಾಗಿಲನ್ನು ಕೋಲಿನಿಂದ ತಟ್ಟಿ, ಎಲ್ಲ ಬಾಗಿಲು ತೆರೆದು, ಅರ್ಧ ಗಂಟೆ ದೂರ ನಿಲ್ಲಿ. ಸೀಟಿನಡಿಗೆ ಟಾರ್ಚ್ ಬಿಡದೆ ಕೈ ಹಾಕಬೇಡಿ. ಬಾಗಿಲ ಸಂದಿಯಲ್ಲಿ ಕಡಜದ ಗೂಡು ಇರುವುದೂ ಉಂಟು. ಇಲಿ ಹಿಕ್ಕೆ, ಉಚ್ಚೆಯ ಕಲೆ ಕಂಡರೆ ಕೈಗವಸು ಕಡ್ಡಾಯ. ಇಲಿಜ್ವರ ಹರಡುವುದು ಇಲಿಯ ಉಚ್ಚೆಯಿಂದ, ಕೈಮೇಲೆ ಗೀರು ಗಾಯವಿದ್ದರೆ ಅಪಾಯ ಹೆಚ್ಚು.

ಎನ್-95 ಮಾಸ್ಕ್, ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಬೀಜಕಣ ತಡೆಯುವುದಿಲ್ಲ. ಉಬ್ಬಸ ಇರುವವರು, ಚಿಕ್ಕ ಮಕ್ಕಳು ಹತ್ತಿರ ಬರುವುದು ಬೇಡ. ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿಡಿ. ಆಲ್ಕೊಹಾಲ್ ಆವಿಗೆ ಒಂದು ಕಿಡಿ ಸಾಕು, ಇಲಿ ಕಡಿದ ವೈರ್ ಎಲ್ಲಿ ತಾಗಿಕೊಂಡಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಅದೇ ಕಾರಣಕ್ಕೆ ಬೀಡಿ ಸಿಗರೇಟೂ ದೂರ.

ಬೂಷ್ಟು ಎಲ್ಲಿದೆ ಅನ್ನುವುದೇ ನೀರು ಎಲ್ಲಿಂದ ಬಂತು ಅಂತ ಹೇಳುತ್ತದೆ

ಒರೆಸುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಒರೆಸಿದ ಮೇಲೆ ಈ ಸಾಕ್ಷಿ ಸಿಗುವುದಿಲ್ಲ.

ಸ್ಟಿಯರಿಂಗ್, ಗೇರ್ ಗುಬ್ಬಿ, ಸೀಟಿನ ಮುಂಭಾಗ, ಬಾಗಿಲ ಹಿಡಿಕೆಯ ಮೇಲೆ ಮಾತ್ರ ತೆಳ್ಳಗೆ ಹರಡಿದ್ದರೆ ನೀರು ಸೋರಿಲ್ಲ. ಕೈ ಬೆವರು, ಎಣ್ಣೆ ಅಂಟಿದ ಜಾಗಕ್ಕೆ ಗಾಳಿಯ ತೇವ ಸೇರಿ ಬಂದದ್ದು ಅದು. ಚಾವಣಿಯ ನಡುಭಾಗದಲ್ಲಿ ಬಿಲ್ಲೆ ಬಿಲ್ಲೆಯಾಗಿ ಇದ್ದರೆ ರಾತ್ರಿ ತಂಪಾದ ತಗಡಿನ ಒಳಮೈಯಲ್ಲಿ ಹನಿಗಟ್ಟಿ ಬಟ್ಟೆಗೆ ಇಳಿದಿದೆ. ಚಾವಣಿಯ ಅಂಚಿನಲ್ಲಿ ಕಂದು ಗೆರೆಯೊಂದಿಗೆ ಇದ್ದರೆ ಗಾಜಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಅಥವಾ ಮಾಡಿನ ಅಂಚಿನ ಕಾಲುವೆಯ ಬೆಸುಗೆ ಸೋರುತ್ತಿದೆ. ಕಾರ್ಪೆಟ್ಟಿನ ಒಂದೇ ಮೂಲೆ ಕಪ್ಪಾಗಿದ್ದರೆ ಆ ಬದಿಯ ವೈಪರ್ ಬುಡದ ರಬ್ಬರ್, ಬಾಗಿಲ ರಬ್ಬರ್ ಅಥವಾ ನೆಲದ ತೂತಿನ ಗ್ರಾಮೆಟ್ (ರಬ್ಬರ್ ಬಿರಡೆ) ನೋಡಿ. ಬಾಗಿಲ ಒಳಹಲಗೆಯ ಕೆಳಗಿನ ನಾಲ್ಕು ಬೆರಳು ಮಾತ್ರ ಉಬ್ಬಿ ಬೂಷ್ಟು ಹಿಡಿದಿದ್ದರೆ ಬಾಗಿಲ ತಳದ ನೀರು ಹೋಗುವ ತೂತು ಕಟ್ಟಿಕೊಂಡಿದೆ. ಕಡ್ಡಿ ಹಾಕಿ ಬಿಡಿಸಿದರೆ ಲೋಟಗಟ್ಟಲೆ ಕೆಸರು ನೀರು ಬರುವುದು ಅಪರೂಪವೇನಲ್ಲ.

ಬಿಳಿ ಕಂಡದ್ದೆಲ್ಲ ಬೂಷ್ಟೂ ಅಲ್ಲ. ಚರ್ಮದ ಸೀಟಿನಲ್ಲಿ ಕೆಲವೊಮ್ಮೆ ಒಳಗಿನ ಕೊಬ್ಬು ಹೊರಬಂದು ಬಿಳಿ ಪೊರೆಯಾಗುತ್ತದೆ. ಹೇರ್ ಡ್ರೈಯರ್ ಬಿಸಿ ತಾಗಿಸಿದರೆ ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಹಾಗೇ ಉಳಿಯುತ್ತದೆ. ನೆಲದ ತಗಡಿನ ಮೇಲಿನ ಬಿಳಿ ಪುಡಿಗೆ ಒಂದು ಹನಿ ನೀರು ಬಿಡಿ. ಕರಗಿದರೆ ಉಪ್ಪು, ಲೋಳೆಯಾಗಿ ಎಳೆದರೆ ಬೂಷ್ಟು.

ಸೋರಿಕೆ ಅನುಮಾನವಿದ್ದರೆ ಈಗಲೇ ಪರೀಕ್ಷೆ ಮಾಡಿ, ಹೇಗೂ ಒಳಗೆ ಕೊಳೆಯೇ ಇದೆ. ನೆಲಕ್ಕೆಲ್ಲ ಹಳೆ ಪತ್ರಿಕೆ ಹಾಸಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನ ಬಾಯಿಗೆ ಬೆರಳೊತ್ತದೆ ನೀರನ್ನು ಹರಿಯಬಿಡಲಿ. ಕೆಳಗಿನಿಂದ ಶುರು: ಮೊದಲು ಬಾಗಿಲ ಬುಡ, ಆಮೇಲೆ ಗಾಜಿನ ಕೆಳ ಅಂಚು, ಬದಿ, ಕೊನೆಗೆ ಮಾಡು. ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒಟ್ಟಿಗೆ ಒದ್ದೆಯಾಗಿ ಯಾವುದು ಮೂಲ ಅನ್ನುವುದೇ ತಿಳಿಯುವುದಿಲ್ಲ. ಪತ್ರಿಕೆ ಮೊದಲು ಒದ್ದೆಯಾದ ಜಾಗಕ್ಕಿಂತ ನೀರು ನುಗ್ಗಿದ ಜಾಗ ಎರಡಡಿ ಮೇಲೆ ಇರಬಹುದು, ಹನಿಯ ಜಾಡು ಹಿಡಿದೇ ಹೋಗಬೇಕು. ಬೀಡಿಂಗ್ ರಬ್ಬರ್ ಉಗುರಿನಿಂದ ಒತ್ತಿದಾಗ ಬಿರುಕು ಬಿಟ್ಟರೆ ಅದಕ್ಕೆ ಸಿಲಿಕಾನ್ ಮೆತ್ತುವುದು ದಂಡ, ರಬ್ಬರನ್ನೇ ಬದಲಿಸಿ.

ಏನೇನು ಬೇಕು

ಅಂಬಾಸಡರ್ ಗಾತ್ರದ ಒಂದು ಕಾರಿಗೆ: ಅಡಿಗೆಯ ಬಿಳಿ ವಿನೆಗರ್ 2 ಲೀಟರ್, ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ 1 ಲೀಟರ್, ಅಡಿಗೆ ಸೋಡಾ ಅರ್ಧ ಕಿಲೊ, ಬಿಳಿಗಾರ 200 ಗ್ರಾಂ, ಬೇಬಿ ಶಾಂಪೂ ಒಂದು ಬಾಟಲಿ, ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ 400 ಮಿ.ಲೀ. ಒರೆಸಲು ಹಳೆ ಪಾಣಿಪಂಚೆ ಹರಿದ ತುಂಡು ಇಪ್ಪತ್ತಾದರೂ ಇರಲಿ. ಹತ್ತಿಯ ಈ ತೆಳು ಬಟ್ಟೆಯಷ್ಟು ಚೆನ್ನಾಗಿ ಮೈಕ್ರೊಫೈಬರ್ ಕೂಡ ಹೊಲಿಗೆ ಸಂದಿಗೆ ಇಳಿಯುವುದಿಲ್ಲ, ಮೇಲಾಗಿ ಕೊಳೆಯಾದದ್ದನ್ನು ಎಸೆಯಲು ಮನಸ್ಸು ಕಚ್ಚುವುದಿಲ್ಲ. ಹಳೆ ಟೂತ್‌ಬ್ರಷ್ ನಾಲ್ಕು, ಮೆತ್ತನೆ ಬಟ್ಟೆ ಬ್ರಷ್ ಎರಡು, ಎರಡು ಸ್ಪ್ರೇ ಬಾಟಲಿ, ಒಂದು ಟೇಬಲ್ ಫ್ಯಾನ್. ಸೂಕ್ಷ್ಮ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಸಿಕ್ಕರೆ ಬಹಳ ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್. ತೇವಾಂಶವನ್ನು ಮೂಗಿನಿಂದ ಅಳೆಯಲು ಆಗುವುದಿಲ್ಲ.

ಆಲ್ಕೊಹಾಲ್ ಶೇ. 99ರದ್ದು ಜಾಸ್ತಿ ಬಲ ಅಂದುಕೊಂಡು ಅದನ್ನು ತರಬೇಡಿ. ಅದು ಕ್ಷಣದಲ್ಲಿ ಆರಿಹೋಗುತ್ತದೆ, ಶೇ. 70ರದ್ದರಲ್ಲಿರುವ ನೀರೇ ಅದನ್ನು ಬೂಷ್ಟಿನೊಳಗೆ ಇಳಿಸುವುದು.

ಬ್ಲೀಚಿಂಗ್ ದ್ರಾವಣವನ್ನು ಕಾರಿನೊಳಗೆ ತರಲೇಬೇಡಿ. ಬಣ್ಣ ಹೋಗುತ್ತದೆ, ಹೊಲಿಗೆ ದಾರ ಸಾಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಬಟ್ಟೆ, ನಾರಿನ ಮೇಲೆ ಕಲೆ ಬಿಳಿಚಿಕೊಂಡು ಹೋದಂತೆ ಕಂಡರೂ ಬೇರು ಒಳಗೇ ಉಳಿಯುತ್ತದೆ. ವಿನೆಗರ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕಾರಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ವಿನೆಗರ್ ಮತ್ತು ಪೆರಾಕ್ಸೈಡನ್ನೂ ಒಂದೇ ಬಾಟಲಿಗೆ ಸುರಿಯಬಾರದು. ವಿನೆಗರ್ ಮತ್ತು ಅಡಿಗೆ ಸೋಡಾ ಬೆರೆಸಿದರೆ ಅಪಾಯವೇನಿಲ್ಲ. ಬುಸ್ಸೆಂದು ನೊರೆ ಬಂದು ಎರಡರ ಗುಣವೂ ಹೋಗುತ್ತದೆ, ಅಷ್ಟೆ.

ಬಿಚ್ಚುವುದು

ಸೀಟು ಬಿಚ್ಚದೆ ಬೂಷ್ಟು ತೆಗೆಯುವುದು ಅಂದರೆ ಕೊಡೆ ಹಿಡಿದು ಸ್ನಾನ ಮಾಡಿದ ಹಾಗೆ. ಹಿಂದಿನ ರಾತ್ರಿಯೇ ಸೀಟಿನ ಹಳಿಯ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಹಳೆಯ ಅಂಬಾಸಡರ್‌ನಲ್ಲಿ ಇಂಚಿನ ಅಳತೆಯ ಬೋಲ್ಟು, ಪದ್ಮಿನಿಯಲ್ಲಿ ಮಿ.ಮೀ. ಅಳತೆಯದು. ಅರ್ಧ ಇಂಚು ಅಂದರೆ 12.7 ಮಿ.ಮೀ. ತುಕ್ಕು ಹಿಡಿದ ಬೋಲ್ಟಿಗೆ 13ರ ಸ್ಪ್ಯಾನರ್ ಹಾಕಿ ತಿರುವಿದರೆ ತಲೆ ಉರುಟಾಗಿ ಆಮೇಲೆ ಉಳಿ ಸುತ್ತಿಗೆಯೇ ಗತಿ. ಬಹುತೇಕ ಹಳೆ ಕಾರುಗಳಲ್ಲಿ ಹಿಂದಿನ ಸೀಟಿನ ಕುಶನ್ ಮುಂದಿನ ಅಂಚು ಎತ್ತಿ ಎಳೆದರೆ ಬರುತ್ತದೆ. ಒರಗುವ ಭಾಗಕ್ಕೆ ಸ್ಕ್ರೂ ಇದೆಯೇ ನೋಡಿ ಬಿಚ್ಚಿ.

ಬಾಗಿಲ ಒಳಹಲಗೆ ತೆಗೆಯಲು ಗಾಜು ಇಳಿಸುವ ಹ್ಯಾಂಡಲಿನ ಬುಡದ ಬಿಲ್ಲೆಯನ್ನು ಒಳಗೆ ಒತ್ತಿ ಹಿಡಿಯಿರಿ, ಪಿನ್ ಅಥವಾ ಕ್ಲಿಪ್ ಕಾಣುತ್ತದೆ. ಹಲಗೆಯ ಕ್ಲಿಪ್ಪುಗಳ ಪಕ್ಕದಲ್ಲೇ ಚಪ್ಪಟೆ ಪಟ್ಟಿ ತೂರಿಸಿ ಮೀಟಬೇಕು. ದೂರದಲ್ಲಿ ಮೀಟಿದರೆ ಪಸೆ ಕುಡಿದು ಮೆತ್ತಗಾದ ಹಾರ್ಡ್‌ಬೋರ್ಡ್ ಹಪ್ಪಳದ ಹಾಗೆ ಮುರಿಯುತ್ತದೆ. ಒಂದೊಂದು ಜಾಗದ ಸ್ಕ್ರೂ ಒಂದೊಂದು ಪೊಟ್ಟಣಕ್ಕೆ, ಮೇಲೆ ಹೆಸರು.

ಕೊನೆಗೆ ಕಾರ್ಪೆಟ್ಟು, ಅದರಡಿಯ ಸೆಣಬಿನ ಫೆಲ್ಟ್. ಫೆಲ್ಟ್ ಒದ್ದೆಯಾಗಿದ್ದರೆ ಅದನ್ನು ಉಳಿಸಿಕೊಳ್ಳುವ ಯೋಚನೆಯೇ ಬೇಡ, ಅಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಮನೆಯೊಳಗಿಂದ ಎಳೆದುಕೊಂಡು ಹೋದರೆ ಬೀಜಕಣ ನಡುಮನೆಯವರೆಗೂ ಬರುತ್ತದೆ.

ಒಣ ಬೂಷ್ಟನ್ನು ಎಬ್ಬಿಸದೆ ತೆಗೆಯುವುದು

ಒಣ ಬ್ರಷ್ ಹಿಡಿದು ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಒಂದು ಸೀಟಿನ ಬೂಷ್ಟು ಅರ್ಧ ನಿಮಿಷದಲ್ಲಿ ಕಾರಿನ ತುಂಬ ಹರಡುತ್ತದೆ. ಮೊದಲು ಆಲ್ಕೊಹಾಲನ್ನು ಒರೆಸುವ ಬಟ್ಟೆಗೆ ಹಚ್ಚಿ (ಸ್ಟಿಯರಿಂಗ್, ಮೀಟರ್ ಗಾಜು, ಮರದ ಪಟ್ಟಿಗೆ ಮಾತ್ರ ಬೇಡ), ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ. ಒಂದು ಎಳೆತ, ಬಟ್ಟೆ ಮಡಿಚಿ ಹೊಸ ಮಗ್ಗುಲು, ಇನ್ನೊಂದು ಎಳೆತ. ನಾಲ್ಕು ಮಡಿಕೆ ಮುಗಿದರೆ ಆ ತುಂಡು ಚೀಲಕ್ಕೆ. ಹಿಂದೆ ಮುಂದೆ ತಿಕ್ಕಿದರೆ ತೆಗೆದದ್ದನ್ನೇ ವಾಪಸ್ ಬಳಿದ ಹಾಗೆ.

ಹೆಪಾ ಇಲ್ಲದ ಸಾಮಾನ್ಯ ವ್ಯಾಕ್ಯೂಮ್ ಮುಂದಿನಿಂದ ಎಳೆದ ಬೀಜಕಣವನ್ನು ಹಿಂದಿನಿಂದ ಊದುತ್ತದೆ. ಅದೇ ಇರುವುದಾದರೆ ಯಂತ್ರವನ್ನು ಗಾಳಿ ಬೀಸುವ ದಿಕ್ಕಿನಲ್ಲಿ ದೂರ ಇಟ್ಟು, ಉದ್ದ ಪೈಪಿನಲ್ಲಿ ಕೆಲಸ ಮಾಡಿ.

ಒಂದೊಂದು ವಸ್ತುವಿಗೆ ಒಂದೊಂದು ಉಪಚಾರ

ರೆಕ್ಸಿನ್: ಮೊದಲು ಸೀಟಿನಡಿಯ ಕಾಣದ ಜಾಗದಲ್ಲಿ ಪರೀಕ್ಷೆ. ಬಟ್ಟೆಗೆ ಬಣ್ಣ ಬಂದರೆ ಆಲ್ಕೊಹಾಲ್ ಬಿಟ್ಟು ವಿನೆಗರ್ ಹಿಡಿಯಿರಿ. ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಹಚ್ಚಿ 15 ನಿಮಿಷ ಬಿಟ್ಟು, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಕೂಡಲೇ ಒಣ ಬಟ್ಟೆ. ಬರಿ ರೆಕ್ಸಿನ್ ಆದರೆ ಇಷ್ಟು ಸಾಕು.

ಆದರೆ ರೆಕ್ಸಿನ್ ಸೀಟಿನ ನಿಜವಾದ ಕಷ್ಟ ಇರುವುದು ಪೈಪಿಂಗಿನಲ್ಲಿ. ಸೀಟಿನ ಅಂಚಿಗೆ ಬೆರಳಿಟ್ಟು ನೋಡಿ: ರೆಕ್ಸಿನ್ ಪಟ್ಟಿಯೊಳಗೆ ಒಂದು ದಾರ ಸುತ್ತಿ ಹೊಲಿದಿರುತ್ತಾರೆ, ಹಳೆ ಕಾರುಗಳಲ್ಲಿ ಅದು ಹತ್ತಿ ಹುರಿ. ಸೂಜಿ ತೂತುಗಳ ಮೂಲಕ ಪಸೆ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಮೇಲೆ ಫಳಫಳ ಹೊಳೆಯುವ ಸೀಟಿನಲ್ಲಿ ಹತ್ತು ದಿನಕ್ಕೆ ಹೊಲಿಗೆಯುದ್ದಕ್ಕೂ ಹಸಿರು ಚುಕ್ಕೆಗಳ ಸಾಲು ಏಳುವುದು ಆ ಹುರಿಯಿಂದ. ಟೂತ್‌ಬ್ರಷ್ಷಿಗೆ ಆಲ್ಕೊಹಾಲ್ ಹಚ್ಚಿ, ಹೊಲಿಗೆಯನ್ನು ಎರಡು ಹೆಬ್ಬೆರಳಲ್ಲಿ ಅಗಲಿಸಿ, ಗೇಣು ಗೇಣು ಉದ್ದಕ್ಕೆ ಮುಂದುವರಿಯಿರಿ. ಮರುದಿನ ಇನ್ನೊಮ್ಮೆ. ಮೂರನೆಯ ಸಲವೂ ವಾಸನೆ ಹೋಗದಿದ್ದರೆ ಕುಶನ್ ಕೆಲಸದವರಲ್ಲಿ ಪೈಪಿಂಗ್ ಮಾತ್ರ ಬಿಚ್ಚಿಸಿ ಪ್ಲಾಸ್ಟಿಕ್ ಹುರಿ ಹಾಕಿಸಿ, ಇಡೀ ಸೀಟು ಬದಲಿಸುವ ಅಗತ್ಯವಿಲ್ಲ. ರೆಕ್ಸಿನ್ನಿನ ಒಳಗೇ ಇಳಿದ ಗುಲಾಬಿ ಬಣ್ಣದ ಕಲೆ ಇದ್ದರೆ ಅದು ಯಾವ ಔಷಧಿಗೂ ಹೋಗದು, ಉಜ್ಜಿ ಉಜ್ಜಿ ರೆಕ್ಸಿನ್ ಸವೆಸಬೇಡಿ.

ಚರ್ಮ: ಆಲ್ಕೊಹಾಲಿಗೆ ಸಮಪಾಲು ನೀರು ಬೆರೆಸಿ, ಬಟ್ಟೆ ಬರಿಯ ತೇವವಾಗುವಷ್ಟು ಹಚ್ಚಿ ಒರೆಸಿ. ಸುರಿಯಬಾರದು. ನೆರಳಲ್ಲಿ ಒಂದು ದಿನ ಒಣಗಿದ ಮೇಲೆ ಚರ್ಮ ಶುಚಿ ಮಾಡುವ ಸ್ಯಾಡಲ್ ಸೋಪ್, ಮತ್ತೊಂದು ದಿನ ಬಿಟ್ಟು ಚರ್ಮದ ಕಂಡೀಷನರ್ ತೀರಾ ತೆಳುವಾಗಿ. ಮನೆಯಲ್ಲಿ ಇದೆ ಅಂತ ಕೊಬ್ಬರಿ ಎಣ್ಣೆ ಹಚ್ಚುವವರು ಬೇಕಾದಷ್ಟು ಜನ. ಮೊದಲ ವಾರ ಹೊಳಪು, ಆಮೇಲೆ ಜಿಡ್ಡಿಗೆ ಧೂಳು ಕೂತು ಮುಂದಿನ ಮಳೆಗಾಲದ ಬೂಷ್ಟಿಗೆ ಔತಣ.

ಚಾವಣಿ ಬಟ್ಟೆ: ಅವಸರ ಮಾಡಿದರೆ ಕೆಡುವುದು ಇದೇ. ಮೊದಲು ಕಾಣದ ಮೂಲೆಯಲ್ಲಿ ಬಟ್ಟೆಯನ್ನು ಮೆಲ್ಲಗೆ ಚಿವುಟಿ ನೋಡಿ. ನೂಲು ಪುಡಿಯಾದರೆ ಶುಚಿ ಮಾಡುವ ಶ್ರಮ ವ್ಯರ್ಥ, ಹೊಸದು ಹಾಕಿಸಿ. ಗಟ್ಟಿ ಇದ್ದರೆ, ಬೇಬಿ ಶಾಂಪೂ ಎರಡು ಚಮಚವನ್ನು ಅರ್ಧ ಲೀಟರ್ ನೀರಿಗೆ ಹಾಕಿ ಕಡೆದು, ನೊರೆಯನ್ನು ಮಾತ್ರ ತೆಗೆದುಕೊಳ್ಳಿ. ನೀರು ತಾಗಬಾರದು. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗಿನ ಪೂರ್ತಿ ಪಟ್ಟಿಯನ್ನು ಒಂದೇ ಸಲ ಮುಗಿಸಿ. ನಡುವೆ ನಿಲ್ಲಿಸಿದರೆ ಒಣಗಿದಾಗ ಕೆರೆಯ ದಂಡೆಯಂಥ ಕಂದು ಗೆರೆ ಮೂಡುತ್ತದೆ. ಉಜ್ಜದೆ ಒತ್ತಿ ಒತ್ತಿ ತೆಗೆಯಬೇಕು. ತಿಳಿ ಬಣ್ಣದ ಬಟ್ಟೆಯಲ್ಲಿ ಕಪ್ಪು ಚುಕ್ಕೆ ಉಳಿದರೆ ಪೆರಾಕ್ಸೈಡ್ ಶೇ. 3ಕ್ಕೆ ಇಳಿಸಿ ಹಚ್ಚಬಹುದು. ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 6ರದ್ದು, ಅದಕ್ಕೆ ಸಮಪಾಲು ನೀರು. ಬಾಟಲಿಯ ಮೇಲಿನ ಅಂಕಿ ಓದಿಯೇ ಬೆರೆಸಿ. ಗಾಢ ಬಣ್ಣದ ಬಟ್ಟೆಗೆ ಇದು ಬೇಡವೇ ಬೇಡ.

ಸೀಟಿನ ಒಳಗಾದಿ: ಸೀಟು ಕವುಚಿ ಹಾಕಿ, ಮೊಣಕೈಯಿಂದ ಒಂದು ನಿಮಿಷ ಒತ್ತಿ ಹಿಡಿದು ಬಿಟ್ಟು ಮೂಗು ಹತ್ತಿರ ತನ್ನಿ. ಒಳಗಿಂದ ಮುಗ್ಗಲು ಗಾಳಿ ಬಂದರೆ ಗಾದಿಯೇ ಕೆಟ್ಟಿದೆ. ಸ್ಪ್ರಿಂಗ್ ಮೇಲೆ ಗೋಣಿ ತಾಟು, ಅದರ ಮೇಲೆ ತೆಂಗಿನ ನಾರು ಅಥವಾ ಹತ್ತಿ ಇರುವ ಹಳೆ ಸೀಟುಗಳಲ್ಲಿ ನಾರನ್ನು ತೊಳೆದು ಉಳಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಾಟು, ಹತ್ತಿ, ನಾರು ಮೂರನ್ನೂ ಎಸೆದು, ಸ್ಪ್ರಿಂಗಿನ ತುಕ್ಕು ತಂತಿ ಬ್ರಷ್ಷಿನಲ್ಲಿ ಕೆರೆದು ರೆಡ್ ಆಕ್ಸೈಡ್ ಬಳಿದು ಹೊಸ ಗಾದಿ ಕಟ್ಟಿಸಿ. ಮೇಲುಗವಸು ಚೆನ್ನಾಗಿದ್ದರೆ ಅದನ್ನೇ ಮತ್ತೆ ಹಾಕಬಹುದು. ಗಾದಿ ಕೆಡದೆ ಕೆಳಗಿನ ತಾಟಿನಲ್ಲಿ ಮಾತ್ರ ಚುಕ್ಕೆ ಇದ್ದರೆ, ಒಂದು ಲೀಟರ್ ಬಿಸಿನೀರಿಗೆ 40 ಗ್ರಾಂ ಬಿಳಿಗಾರ ಕರಗಿಸಿ ತೆಳುವಾಗಿ ಸಿಂಪಡಿಸಿ ತೊಳೆಯದೆ ಒಣಗಲು ಬಿಡಿ. ಉಳಿದ ಬಿಳಿಗಾರ ಮತ್ತೆ ಬೂಷ್ಟು ಏಳದಂತೆ ತಡೆಯುತ್ತದೆ. ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗದಂತಿರಲಿ.

ಕಾರ್ಪೆಟ್ಟು: ಸೋಪಿನ ನೀರಲ್ಲಿ ಒಗೆದು, ಕೊನೆಯ ನೀರಿಗೆ ಬಕೆಟ್ಟಿಗೆ ಒಂದು ಲೋಟ ವಿನೆಗರ್ ಹಾಕಿ ಅದ್ದಿ, ಬಿಸಿಲಿಗೆ ನೇತುಹಾಕಿ. ಹಾಸಿ ಒಣಗಿಸಿದರೆ ಬೆನ್ನು ಒಣಗುವುದಿಲ್ಲ. ಫೆಲ್ಟಿನ ಬದಲು ನೀರು ಕುಡಿಯದ ಇವಿಎ ಫೋಮ್ ಹಾಳೆ ಹಾಕಿ. ಅದಕ್ಕೆ ಮುಂಚೆ ನೆಲದ ತಗಡನ್ನು ಬೆರಳ ಗಣ್ಣಿನಿಂದ ತಟ್ಟುತ್ತಾ ಹೋಗಿ. ಟಣ್ ಅನ್ನುವಲ್ಲಿ ಗಟ್ಟಿ, ದಬ್ ಅನ್ನುವಲ್ಲಿ ಕೆಳಗಿಂದ ತಿಂದಿದೆ.

ಬಾಗಿಲ ಹಲಗೆ: ಹಾರ್ಡ್‌ಬೋರ್ಡಿಗೆ ನೀರು, ವಿನೆಗರ್ ಎರಡೂ ಬೇಡ, ಆಲ್ಕೊಹಾಲ್ ಮಾತ್ರ. ಒರೆಸಿ, ಸಪಾಟು ನೆಲದ ಮೇಲೆ ಇಟ್ಟಿಗೆ ಹೇರಿ ಎರಡು ದಿನ ಒಣಗಿಸಿದರೆ ಡೊಂಕು ಬಹುಪಾಲು ಇಳಿಯುತ್ತದೆ. ಬೆನ್ನಿಗೆ ಎರಡು ಕೈ ಅರಗಿನ ಪಾಲಿಶ್ ಹೊಡೆಯಿರಿ. ಬಾಗಿಲಿಗೂ ಹಲಗೆಗೂ ನಡುವೆ ಇರಬೇಕಾದ ಪ್ಲಾಸ್ಟಿಕ್ ಹಾಳೆ ಹೆಚ್ಚಿನ ಹಳೆ ಕಾರುಗಳಲ್ಲಿ ಯಾವಾಗಲೋ ಹರಿದುಹೋಗಿರುತ್ತದೆ. ದಪ್ಪ ಪಾಲಿಥಿನ್ ಕತ್ತರಿಸಿ ಹೊಸದು ಅಂಟಿಸಿ, ಕೆಳ ಅಂಚನ್ನು ಬಾಗಿಲ ಒಳಕ್ಕೆ ಸೇರಿಸಿ. ಹೊರಗೆ ಬಿಟ್ಟರೆ ಗಾಜಿನ ಮೇಲಿಂದ ಇಳಿದ ನೀರು ನೇರ ಹಲಗೆಗೇ ಬರುತ್ತದೆ.

ಸ್ಟಿಯರಿಂಗ್, ಮೀಟರ್ ಗಾಜು, ಮರದ ಪಟ್ಟಿ: ಇವುಗಳ ಹತ್ತಿರ ಆಲ್ಕೊಹಾಲ್ ಒಯ್ಯಬೇಡಿ. ಅಕ್ರಿಲಿಕ್ ಮೀಟರ್ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು ಏಳುತ್ತದೆ, ಮರದ ಮೇಲಿನ ಅರಗಿನ ಪಾಲಿಶ್ ಕರಗಿ ಅಂಟಾಗುತ್ತದೆ. ಬೇಬಿ ಶಾಂಪೂ ನೀರು, ಹಿಂಡಿದ ಬಟ್ಟೆ, ಸಾಕು. ಸೀಟ್ ಬೆಲ್ಟ್ ಇದ್ದರೆ ಪೂರ್ತಿ ಎಳೆದು ಕ್ಲಿಪ್ ಹಾಕಿ ನಿಲ್ಲಿಸಿ, ಸೋಪಿನ ನೀರಲ್ಲೇ ತೊಳೆದು, ಒಣಗಿದ ಮೇಲೆಯೇ ಒಳಕ್ಕೆ ಬಿಡಿ. ಅಂಚು ನವೆದ ಬೆಲ್ಟನ್ನು ಶುಚಿ ಮಾಡಿ ಉಪಯೋಗವಿಲ್ಲ, ಬದಲಿಸಿ.

ಒಣಗಿಸುವುದು

ಕಾರನ್ನು ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದರೆ ಒಣಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಒಳಗಿನ ನೀರು ಆವಿಯಾಗುತ್ತದೆ ನಿಜ, ಆದರೆ ಹೋಗಲು ಜಾಗವಿಲ್ಲ. ಸಂಜೆ ತಗಡು ತಂಪಾದಾಗ ಅದೇ ಆವಿ ಚಾವಣಿಯ ಒಳಗೆ ಹನಿಗಟ್ಟುತ್ತದೆ. ಬೆಳಿಗ್ಗೆ ಮಂಜು ಕರಗಿದ ಮೇಲೆ, ಅಂದರೆ 11 ಗಂಟೆಯಿಂದ 4 ಗಂಟೆಯವರೆಗೆ, ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಡಿ. ಟೇಬಲ್ ಫ್ಯಾನನ್ನು ಒಂದು ಬಾಗಿಲಲ್ಲಿ ಹೊರಮುಖವಾಗಿಟ್ಟರೆ ಒಳಗಿನ ಪಸೆ ಗಾಳಿಯನ್ನು ಎಳೆದು ಹೊರಹಾಕುತ್ತದೆ. ಹೊತ್ತು ಇಳಿಯುವ ಮೊದಲು ಎಲ್ಲ ಮುಚ್ಚಿ. ಕಾರ್ತಿಕದ ಇಬ್ಬನಿಯಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಹಗಲಿನ ಕೆಲಸವೆಲ್ಲ ನೀರಲ್ಲಿ ಹೋಮ.

ಸೀಟುಗಳನ್ನು ಅಡಿಕೆ ಅಟ್ಟದ ಮೇಲೆ ನಿಲ್ಲಿಸಿ ಒಣಗಿಸುವುದು ಬಲು ಚೆನ್ನ, ಕೆಳಗಿನಿಂದಲೂ ಗಾಳಿ ಆಡುತ್ತದೆ. ರೆಕ್ಸಿನ್, ಬಟ್ಟೆ ಎಳೆ ಬಿಸಿಲಿಗೆ ಸರಿ, ಚರ್ಮ ನೆರಳಲ್ಲೇ ಇರಲಿ. ಅಡಿಕೆ ಡ್ರೈಯರ್ ಖಾಲಿ ಇದೆಯಲ್ಲ ಅಂತ ಸೀಟು ಅದರೊಳಗೆ ತುಂಬಬೇಡಿ. ಆ ಶಾಖಕ್ಕೆ ರೆಕ್ಸಿನ್ ಮುದುಡುತ್ತದೆ, ಅಂಟು ಬಿಡುತ್ತದೆ, ಹೊಗೆ ವಾಸನೆ ಹಿಡಿದರೆ ಕಾರು ಮಾರುವವರೆಗೂ ಬಿಡದು. ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೂ ಇದೇ ಮಾತು.

ಹೈಗ್ರೋಮೀಟರನ್ನು ಕಾರಿನೊಳಗೆ ನೆಲದ ಮಟ್ಟದಲ್ಲಿ ಇಟ್ಟು, ಬಾಗಿಲು ಮುಚ್ಚಿ ಎರಡು ಗಂಟೆ ಬಿಟ್ಟು ಓದಿ. ಸಂಜೆಯೂ ಮರು ಬೆಳಿಗ್ಗೆಯೂ ಶೇ. 60ರ ಒಳಗೇ ಇದ್ದರೆ ಸೀಟು ಹಾಕಬಹುದು. ಬೆಳಿಗ್ಗೆ ಮಾತ್ರ ಏರಿದರೆ ಎಲ್ಲೋ ಒಂದು ವಸ್ತು ಇನ್ನೂ ನೀರು ಬಿಡುತ್ತಿದೆ. ಅನುಭವದಲ್ಲಿ ಅದು ಹೆಚ್ಚಾಗಿ ಮುಂದಿನ ಗೋಡೆಗೆ, ಡ್ಯಾಶ್‌ಬೋರ್ಡಿನ ಹಿಂದೆ, ಅಂಟಿಸಿದ ಫೆಲ್ಟ್. ಅದನ್ನೂ ಕಿತ್ತು ತೆಗೆಯದೆ ವಿಧಿಯಿಲ್ಲ.

ವಾಸನೆ ಉಳಿದಿದ್ದರೆ ಒಣಗಿದ ಕಾರ್ಪೆಟ್ಟಿಗೆ ಕಾಲು ಕಿಲೊ ಅಡಿಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಓಜೋನ್ ಯಂತ್ರ ಬಾಡಿಗೆಗೆ ತಂದು ಬಿಡುವವರಿದ್ದಾರೆ. ಓಜೋನ್ ರಬ್ಬರನ್ನು ಬಿರಿಸುತ್ತದೆ, ಕಷ್ಟಪಟ್ಟು ಹುಡುಕಿ ತಂದ ಬೀಡಿಂಗಿಗೇ ಅದು ಕುತ್ತು. ನುಸಿಗುಳಿಗೆ ಹುಳಕ್ಕೆ ಸರಿ, ಬೂಷ್ಟಿಗೆ ಏನೂ ಮಾಡದು.

ಸೀಟು ಕೂರಿಸಿದ ಹತ್ತನೆಯ ದಿನ ಹೊಲಿಗೆ, ಪೈಪಿಂಗ್, ಬಾಗಿಲ ಹಲಗೆಯ ಕೆಳ ಅಂಚುಗಳಿಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ನವಿರು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಕಂಡರೆ ಅಷ್ಟು ಜಾಗಕ್ಕೆ ಮಾತ್ರ ಮತ್ತೊಮ್ಮೆ ಒರೆಸಿ.

ಮುಂದಿನ ಮಳೆಗಾಲಕ್ಕೆ

ಮೇ ಮುಗಿಯುವುದರೊಳಗೆ ಕಾರು ತೊಳೆದು, ಒಳಗೆ ಒರೆಸಿ, ಪೂರ್ತಿ ಒಣಗಿಸಿ. ರಬ್ಬರ್ ಮ್ಯಾಟ್ ತೆಗೆದು ಬೇರೆ ಇಡಿ. ಮಣ್ಣು ಅಥವಾ ಸಗಣಿ ಸಾರಿಸಿದ ನೆಲದ ಶೆಡ್ಡಾದರೆ ಅಡಿಕೆಗೆ ಹಾಸುವ ಸಿಲ್ಪಾಲಿನ್ ಹಾಳೆಯನ್ನು ಮೊದಲು ನೆಲಕ್ಕೆ ಹಾಸಿ ಅದರ ಮೇಲೆ ಕಾರು ನಿಲ್ಲಿಸಿ, ನೆಲದ ಪಸೆ ಮೇಲೇಳುವುದು ನಿಲ್ಲುತ್ತದೆ. ಅದೇ ಹಾಳೆಯನ್ನು ಕಾರಿನ ಮೇಲೆ ಹೊದಿಸಿದರೆ ಒಳಗಿನ ಪಸೆಯೂ ಅಲ್ಲೇ ಉಳಿಯುತ್ತದೆ. ಮೇಲೆ ಹೊದಿಸುವುದಾದರೆ ಹತ್ತಿ ಬಟ್ಟೆಯದು. ಕೊಟ್ಟಿಗೆಗೆ ಒತ್ತಿಕೊಂಡ ಜಾಗವೂ, ಹುಲ್ಲು ಪೇರಿಸಿದ ಜಾಗವೂ ಬೇಡ. ಒಂದರಲ್ಲಿ ದನದ ಉಸಿರು, ಗಂಜಲದ ಅಮೋನಿಯಾ. ಇನ್ನೊಂದರಲ್ಲಿ ಇಲಿ ಮತ್ತು ಬೂಷ್ಟಿನ ಬೀಜ.

ಗಾಜು ಮುಚ್ಚಬೇಕೋ ಬಿಡಬೇಕೋ ಅನ್ನುವುದಕ್ಕೆ ಎರಡು ಪಕ್ಷ ಇದೆ. ನಾಲ್ಕೂ ಕಡೆ ಗಾಳಿಯಾಡುವ ಎತ್ತರದ ಶೆಡ್ಡಿದ್ದರೆ ಗಾಜನ್ನು ಒಂದು ಬೆರಳು ಇಳಿಸಿ ಸೊಳ್ಳೆ ಜಾಲರಿ ಕಟ್ಟಿ. ಮೂರು ಕಡೆ ಗೋಡೆ ಇದ್ದರೆ ಬಿಗಿಯಾಗಿ ಮುಚ್ಚಿ ಒಳಗೆ ಸಿಲಿಕಾ ಜೆಲ್ 2 ಕಿಲೊ ಇಡಿ. ಮುಚ್ಚದೆ ಸಿಲಿಕಾ ಇಟ್ಟರೆ ಅದು ಮಲೆನಾಡಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ. ಬಣ್ಣ ಬದಲಾಗುವ ಬಗೆಯದು ಆಗಿದ್ದರೆ ಎರಡು ವಾರಕ್ಕೊಮ್ಮೆ ನೋಡಿ, 120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಬಿಸಿ ಮಾಡಿದರೆ ಮತ್ತೆ ತಯಾರು. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಇನ್ನೂ ಹೆಚ್ಚು ನೀರು ಎಳೆಯುತ್ತವೆ, ಆದರೆ ಎಳೆದ ಉಪ್ಪು ನೀರು ಒಂದು ಸಲ ನೆಲಕ್ಕೆ ಚೆಲ್ಲಿದರೆ ತಗಡು ಉಳಿಯದು, ಆಳದ ಬೇಸಿನ್ ಒಳಗೇ ಇಡಬೇಕು. ಅರಳಿಸದ ಸುಣ್ಣವನ್ನು ಇದೇ ಕೆಲಸಕ್ಕೆ ಇಡುವುದುಂಟು. ನೀರು ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ, ಧೂಳು ಚರ್ಮವನ್ನು ತಿನ್ನುತ್ತದೆ, ಬೇಡ. ಸೀಟಿನಡಿ ಬಲ್ಬು ಉರಿಸಿಡುವ ಹಳೆ ಪದ್ಧತಿಯೂ ಬೆಂಕಿಗೆ ಆಹ್ವಾನ. ಡಿಹ್ಯೂಮಿಡಿಫೈಯರ್ ಒಳ್ಳೆಯದೇ, ಆದರೆ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋಗುವ ಊರಲ್ಲಿ ಅದನ್ನೊಂದೇ ನೆಚ್ಚಿಕೊಳ್ಳುವಂತಿಲ್ಲ.

ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿಕೊಂಡೇ ಓಡಿಸುವುದರಿಂದ ಕಾರಿನೊಳಗಿನ ತೇವಕ್ಕೆ ಪ್ರಯೋಜನವಿಲ್ಲ, ಸೈಲೆನ್ಸರ್ ಒಳಗೆ ನೀರು ಸೇರುತ್ತದೆ ಅಷ್ಟೆ. ಹೊಳವು ಬಿದ್ದ ದಿನ 15-20 ಕಿ.ಮೀ. ಗಾಜು ಇಳಿಸಿಕೊಂಡು ಓಡಿಸಿ ಬನ್ನಿ, ಇಲ್ಲವೇ ಮುಟ್ಟಬೇಡಿ.

ಇದಕ್ಕೆಲ್ಲ ಬಿಡುವಿಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಆಗುಂಬೆಯಲ್ಲಿ ವರ್ಷದ ಮಳೆ ಸರಾಸರಿ 7,000 ಮಿ.ಮೀ. ದಾಟುತ್ತದೆ, ಘಟ್ಟದ ಅಂಚಿನಿಂದ ದೂರವಿರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬರುವುದಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆ ಗಾಳಿಯಾಡುವ ಪೋರ್ಟಿಕೊ ಇರುವ ನೆಂಟರಿದ್ದರೆ ಮೇ ಕೊನೆಯ ವಾರ ಕಾರನ್ನು ಅಲ್ಲಿಗೇ ಓಡಿಸಿಕೊಂಡು ಹೋಗಿ ಬಿಟ್ಟು, ಬಸ್ಸಿನಲ್ಲಿ ವಾಪಸ್ ಬನ್ನಿ.